ಟೈಲರಕ್ಕ ತೂತು ಮಾಡಿದ ಕೋಟಿನ ಹಾಳೆ

ಟೈಲರಕ್ಕನ ಕತ್ತರಿಗೆ ಕಣ್ಣಿದೆ ಎಂದು ಓಣಿಯವರು ಹೇಳುತ್ತಿದ್ದರು. ಮೂವತ್ತೆಂಟು ವರ್ಷ ಹೊಲಿದವಳು, ಒಬ್ಬರ ಬಟ್ಟೆಯನ್ನೂ ಕೆಡಿಸಿದವಳಲ್ಲ. ಗೇಣುದ್ದ ತುಂಡು ಉಳಿದರೂ ಮಡಚಿ, ಚೀಟಿ ಚುಚ್ಚಿ ವಾಪಸು ಕೊಡುವಾಕೆ. ಅಂಗಿ, ಫ್ರಾಕು, ಶಾಲೆಯ ಯೂನಿಫಾರ್ಮು, ಕಿಟಕಿ ಪರದೆ, ಎಲ್ಲವೂ ಅವಳ ಬಾಗಿಲಿಗೇ ಬರುತ್ತಿದ್ದವು. ಬಾರದೆ ಉಳಿದದ್ದು ಕೋಟು ಒಂದೇ. ಅದೂ ಒಂದು ದಿನ ಬಂದೇಬಿಟ್ಟಿತು.

ಔಷಧಿ ಅಂಗಡಿಯವರು ಬೂದು ಬಣ್ಣದ ಉಣ್ಣೆ ಬಟ್ಟೆ ತಂದು ಮೇಜಿನ ಮೇಲೆ ಹರಡಿ, "ಅಕ್ಕಾ, ಕೋಟು ಆಗುತ್ತಲ್ವಾ?" ಎಂದರು.

"ಅಯ್ಯೋ, ಅದೇನ್ ಮಹಾ!" ಅಂದುಬಿಟ್ಟಿತು ಅವಳ ಬಾಯಿ. ಅವರು ಮೆಟ್ಟಿಲಿಳಿದು ಹೋದ ಮೇಲೆ ಆ ಬಟ್ಟೆಯನ್ನೇ ನೋಡುತ್ತ ಕೂತಳು. ಕೋಟಿನ ಕಾಲರನ್ನು ಆಕೆ ಕಂಡಿದ್ದು ಹೊರಗಿನಿಂದ ಮಾತ್ರ. ಒಳಗೆ ಅದು ಹೇಗೆ ಕೂತಿರುತ್ತದೋ ದೇವರಿಗೇ ಗೊತ್ತು.

ಗುಟ್ಟು ಹೇಳಿಕೊಂಡಿದ್ದು ಸೊಸೆಯ ಹತ್ತಿರ ಮಾತ್ರ. ಆಕೆ ಸಲೀಸಾಗಿ ಅಂದಳು: "ಹೊಸ ಲೈಬ್ರರಿ ಇದೆಯಲ್ಲ ಅತ್ತೆ, ಅಲ್ಲಿ ಹೊಲಿಗೆ ಪುಸ್ತಕಗಳೇ ಒಂದು ಗೋಡೆ ತುಂಬ ಇವೆ. ಬನ್ನಿ, ಕಾರ್ಡ್ ಮಾಡಿಸಿಕೊಡ್ತೀನಿ."

"ಈ ವಯಸ್ಸಲ್ಲಿ ನಾನು ಬುಕ್ಕು ನೋಡ್ಕೊಂಡು ಕಲೀಬೇಕಾ? ಜನ ಏನಂತಾರೆ?"

"ಅಲ್ಲಿ ಜನ ಓದ್ತಾ ಕೂತಿರ್ತಾರೆ ಅತ್ತೆ. ನಿಮ್ಮನ್ನ ನೋಡೋಕೆ ಯಾರಿಗೂ ಪುರಸೊತ್ತಿಲ್ಲ."

ನಾಲ್ಕಂತಸ್ತಿನ ಗಾಜಿನ ಕಟ್ಟಡ ಅದು. ಮುಟ್ಟುವ ಮೊದಲೇ ಬಾಗಿಲು ತೆರೆದುಕೊಂಡಾಗ, ಹಿಂದೆ ಯಾರೋ ದೊಡ್ಡವರು ಬರುತ್ತಿದ್ದಾರೆಂದು ಟೈಲರಕ್ಕ ಪಕ್ಕಕ್ಕೆ ಸರಿದು ನಿಂತಳು. ಯಾರೂ ಬರಲಿಲ್ಲ. ಸೊಸೆ ಕಾರ್ಡು ಮಾಡಿಸಿ, ಲಿಫ್ಟಿನ ಗುಂಡಿ ತೋರಿಸಿ, ತನ್ನ ಕೆಲಸಕ್ಕೆ ಓಡಿದಳು. ಒಂದನೇ ಮಹಡಿಯಲ್ಲಿ ಮಕ್ಕಳು ಹೊಟ್ಟೆಯಡಿ ದಿಂಬಿಟ್ಟು ಮಲಗಿಯೇ ಓದುತ್ತಿದ್ದವು. ಎರಡನೆಯದರಲ್ಲಿ ಕಣ್ಣು ಕಾಣದವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಪುಸ್ತಕ ಕೇಳುತ್ತಿದ್ದರು, ಒಬ್ಬ ಮುದುಕ ತನ್ನಷ್ಟಕ್ಕೆ ನಗುತ್ತಲೂ ಇದ್ದ. ಮೂರನೆಯದರಲ್ಲಿ ಸೊಸೆ ಹೇಳಿದ ಗೋಡೆ. ಅದರ ಪಕ್ಕಕ್ಕೆ ಒಂದು ಭಾರೀ ಜೆರಾಕ್ಸ್ ಮೆಷಿನ್ನು, ಅದರ ಮುಂದೆ ಕೂತ ಒಬ್ಬ ನೌಕರ. "ಏನಾದ್ರೂ ಬೇಕಿತ್ತಾ ಅಮ್ಮಾ?" ಎಂದು ಅವನು ಕೇಳಿದ.

"ಏನಿಲ್ಲಪ್ಪಾ, ಸುಮ್ನೆ ಮೊಮ್ಮಗಳಿಗೆ," ಎಂದಳು. ಮೊಮ್ಮಗಳು ಇನ್ನೂ ಹುಟ್ಟಿರಲಿಲ್ಲ.

ಕೋಟಿನ ಪುಸ್ತಕ ಸಿಕ್ಕಿತು. ಹಿಂದಿನ ರಟ್ಟಿನ ಜೇಬಿನಲ್ಲಿ ಹಾಸಿಗೆಯಷ್ಟು ಅಗಲದ ಹಾಳೆಗಳು ಮಡಚಿಕೊಂಡಿದ್ದವು. ಅವುಗಳ ತುಂಬ ಬೇರೆ ಬೇರೆ ಅಳತೆಯ ತೋಳು, ಬೆನ್ನು, ಕಾಲರುಗಳ ನಕ್ಷೆ. ಮನೆಗೊಯ್ಯಲು ಬಾಗಿಲ ಬಳಿಯ ಯಂತ್ರದ ಮೇಲೆ ಪುಸ್ತಕ ಇಟ್ಟು ಕಾರ್ಡು ತೋರಿಸಿದರೆ ಸಾಕು, ಮುಗಿಯಿತು. ಯಾರ ಮುಖ ನೋಡುವ ಕೆಲಸವೂ ಇಲ್ಲ. ಅವಳಿಗೆ ಅದೇ ಬೇಕಿತ್ತು.

ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತಳು. ಕೆಳಗೆ ಖಾಕಿ ಕಾಗದ, ಮೇಲೆ ನಕ್ಷೆಯ ಹಾಳೆ, ಕೈಯಲ್ಲಿ ಗುರುತು ಹಾಕುವ ಹಲ್ಲಿನ ಚಕ್ರ. ಗೆರೆಯ ಮೇಲೆ ಅದನ್ನು ಒತ್ತಿ ಉರುಳಿಸಿದರೆ ಇರುವೆ ಸಾಲಿನಂತೆ ಸಣ್ಣ ತೂತು ಬೀಳುತ್ತ ಅಡಿಯ ಕಾಗದಕ್ಕೆ ಆಕಾರ ಇಳಿಯುತ್ತದೆ. ಟೈಲರಾದವರು ಬಟ್ಟೆಯನ್ನು ಮಡಚಿಯೇ ಗುರುತು ಹಾಕುತ್ತಾರೆ, ಎರಡು ಕಡೆಯೂ ಒಂದೇ ಸಮ ಬರಲಿ ಎಂದು. ಮೂವತ್ತೆಂಟು ವರ್ಷದ ಅಭ್ಯಾಸ ಕೈಯನ್ನು ಬಿಡುತ್ತದೆಯೇ? ಹಾಳೆಯನ್ನೂ ಆಕೆ ಪೂರ್ತಿ ಬಿಡಿಸಲಿಲ್ಲ. ಮಡಚಿದ್ದು ಮಡಚಿದ ಹಾಗೇ ಚಕ್ರ ಓಡಿಸಿದಳು.

ಕೆಲಸ ಮುಗಿಸಿ ಹಾಳೆ ಬಿಡಿಸಿ ನೋಡಿದಳು. ಒಂದು ಕಡೆ ಹಾಕಿದ ತೂತು ನಾಲ್ಕು ಕಡೆ ಬಿದ್ದಿತ್ತು. ಚಿಕ್ಕ ಅಳತೆಯ ತೋಳಿನ ಮೇಲೆ ದೊಡ್ಡ ಅಳತೆಯ ತೂತುಗಳು ಹೊಸ ಗೆರೆಯ ಹಾಗೆ ಹಾದುಹೋಗಿದ್ದವು.

ಏನು ಮಾಡಿಯಾಳು? ಟೈಲರ್ ಮಾಡುವುದನ್ನೇ ಮಾಡಿದಳು. ಇಸ್ತ್ರಿ ಕಾಯಿಸಿ, ಮೇಲೆ ಒದ್ದೆ ಬಟ್ಟೆ ಹಾಕಿ, ಹಾಳೆಯನ್ನು ತೀಡಿದಳು. ತೂತುಗಳ ಉಬ್ಬು ಅಡಗಿತು. ಅಡಗಿ, ಅಚ್ಚಿನಲ್ಲೇ ಬಂದ ಚುಕ್ಕಿಗೆರೆಯಂತೆ ನೀಟಾಗಿ ಕೂತಿತು. ಮರುದಿನ ಲೈಬ್ರರಿಯ ಹೊರಗೋಡೆಯ ಕಿಂಡಿಯಲ್ಲಿ ಪುಸ್ತಕ ತೂರಿಸಿದಳು. ಒಳಗೆ ಚಲಿಸುತ್ತಿದ್ದ ಬೆಲ್ಟು ಅದನ್ನು ಮೆಲ್ಲಗೆ ಎಳೆದುಕೊಂಡಿತು. ಪಕ್ಕದ ಪುಟ್ಟ ಸ್ಕ್ರೀನಿನ ಮೇಲೆ 'ಧನ್ಯವಾದಗಳು' ಎಂದು ಮೂಡಿತು. ಮುಖಕ್ಕೆ ಹೊಡೆದ ಹಾಗಾಯಿತು.

ಕೋಟೇನೋ ಚೆನ್ನಾಗಿ ಬಂತು. ಔಷಧಿ ಅಂಗಡಿಯವರು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ, "ನಿಮ್ಮ ಕೈಯೇ ಕೈ ಅಕ್ಕಾ!" ಎಂದರು. ಅವಳಿಗೆ ಆ ಕೈಯನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು. ಆಮೇಲೆ ಮನಸ್ಸು ತಡೆಯದೆ ಎರಡು ಸಲ ಲೈಬ್ರರಿಗೆ ಹೋಗಿ ಆ ಕಪಾಟು ನೋಡಿ ಬಂದಳು. ಪುಸ್ತಕ ಅಲ್ಲಿರಲಿಲ್ಲ. ಯಾರೋ ಒಯ್ದಿದ್ದರು.

ಮೂರನೇ ಸಲ ಹೋದಾಗ ಕೆಳಗಿನ ಕೌಂಟರಿನಲ್ಲೇ ಗಲಾಟೆ. ಬಸ್ ಕಂಡಕ್ಟರ್ ಹೆಂಗಸೊಬ್ಬಳು ಯೂನಿಫಾರ್ಮಿನಲ್ಲೇ ಬಂದಿದ್ದಳು, ಹೆಗಲಿಗೆ ಚರ್ಮದ ಚೀಲ. ಮುಂದೆ ಆ ಕೋಟಿನ ಪುಸ್ತಕ, ಪಕ್ಕದಲ್ಲಿ ಕತ್ತರಿಸಿದ ನೀಲಿ ಬಟ್ಟೆ.

"ಪುಸ್ತಕ ನಂಬಿ ಕತ್ತರಿಸಿದೆ ಮೇಡಮ್. ನೋಡಿ ಇದನ್ನ! ಒಂದು ತೋಳು ನನ್ನ ಮಗಳಿಗೆ, ಇನ್ನೊಂದು ಆನೆಗೆ. ಸೋಮವಾರ ಅವಳು ಮೊದಲ್ನೇ ಸಲ ಕೆಲಸಕ್ಕೆ ಹೋಗ್ಬೇಕು."

ಲೈಬ್ರರಿಯ ಮೇಡಮ್ ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು. "ಇದು ಪ್ರಿಂಟ್ ಅಲ್ಲಮ್ಮಾ, ತೂತು. ಯಾರೋ ಚುಚ್ಚಿದ್ದಾರೆ." ಅವರ ಕಣ್ಣು ತಾನಾಗಿ ಚೀಲದ ಕಡೆ ಹೋಯಿತು. ಅಲ್ಲಿ ಟಿಕೆಟ್ ಪಂಚು ದಾರದಲ್ಲಿ ನೇತಾಡುತ್ತಿತ್ತು.

"ಓಹೋ! ಕಂಡಕ್ಟರ್ ಅಂದ್ರೆ ಕೈಗೆ ಸಿಕ್ಕಿದ್ದಕ್ಕೆಲ್ಲ ತೂತು ಹಾಕ್ತಾಳೆ ಅಂತಾನಾ? ನನ್ನ ಪಂಚಿನ ತೂತಲ್ಲಿ ಕಡ್ಲೆಕಾಳು ತೂರುತ್ತೆ. ಕೊಡಿ ನಿಮ್ಮ ಐಡಿ ಕಾರ್ಡು, ಹಾಕಿ ತೋರಿಸ್ತೀನಿ!"

ಸುತ್ತ ನಿಂತವರು ನಕ್ಕರು. ಮೇಡಮ್ ನಗಲಿಲ್ಲ. "ಹಿಂದೆ ತಗೊಂಡವರಿಂದ ಏನೂ ಕಂಪ್ಲೇಂಟ್ ಬಂದಿಲ್ಲ. ವಿಚಾರಣೆ ಆಗೋವರೆಗೂ ನಿಮ್ಮ ಕಾರ್ಡ್ ನಿಲ್ಲಿಸಬೇಕಾಗುತ್ತೆ."

ಟೈಲರಕ್ಕ ಪೇಪರ್ ಸ್ಟ್ಯಾಂಡಿನ ಹಿಂದೆ ನಿಂತಿದ್ದಳು. ಕಾಲುಗಳು ಹೊರಗಿನ ದಾರಿ ಹಿಡಿದವು. ಹೋಗುವುದಾದರೆ ಹೋಗು ಎಂಬಂತೆ ಗಾಜಿನ ಬಾಗಿಲು ತೆರೆದುಕೊಂಡಿತು. ಮೆಟ್ಟಿಲವರೆಗೆ ಹೋಗಿಯೂ ಬಿಟ್ಟಳು. ಅಷ್ಟರಲ್ಲಿ ಹಿಂದಿನಿಂದ ಆ ಕಂಡಕ್ಟರ್ ಹೆಂಗಸಿನ ದನಿ ಕೇಳಿತು. ಈಗ ಅದರಲ್ಲಿ ಜಗಳವಿರಲಿಲ್ಲ. "ಕಾರ್ಡು ಮಾತ್ರ ಕಿತ್ಕೋಬೇಡಿ ಮೇಡಮ್. ಡ್ಯೂಟಿ ಮುಗಿಸಿ ದಿನಾ ಇಲ್ಲಿಗೇ ಬರ್ತೀನಿ. ನಂಗೆ ಹೊಲಿಗೆ ಕಲಿಸಿದ್ದೇ ಆ ಗೋಡೆ."

ಟೈಲರಕ್ಕ ವಾಪಸು ಬಂದಳು. ಕೌಂಟರಿನ ಮುಂದೆ ನಿಂತಳು.

"ತೂತು ಹಾಕಿದ್ದು ನಾನು," ಎಂದಳು. "ನಾನೇ, ಮೇಡಮ್. ಹೊಲಿಗೆಯ ಗುರುತು ಚಕ್ರ ಓಡಿಸಿದೆ. ಇಸ್ತ್ರಿ ಹಾಕಿ ಮುಚ್ಚಿಟ್ಟೆ."

"ಅಯ್ಯೋ ಅಮ್ಮಾ!" ಮೇಡಮ್ ಹಣೆ ಹಿಡಿದುಕೊಂಡರು. "ಒಂದು ಮಾತು ಕೇಳಿದ್ರೆ ಜೆರಾಕ್ಸ್ ತೆಗೆದುಕೊಡ್ತಿದ್ವಲ್ಲ! ಇಂಥ ದೊಡ್ಡ ಹಾಳೆಗೇ ಅಂತ ಮೂರನೇ ಮಹಡಿಲಿ ಮೆಷಿನ್ ಇಟ್ಟಿದೀವಿ."

ಕೇಳಿದ್ದರೆ ತನಗೆ ಕೋಟು ಹೊಲಿಯಲು ಬಾರದೆಂದು ಆ ಮೆಷಿನ್ನಿನ ನೌಕರನಿಗಾದರೂ ಗೊತ್ತಾಗುತ್ತಿತ್ತು. ಅಷ್ಟೇ ಇದ್ದ ಕಾರಣ.

ಕಂಡಕ್ಟರ್ ಅವಳನ್ನೇ ನೋಡುತ್ತಿದ್ದಳು. "ಅಮ್ಮಾ, ನೀವು ಆ ಪೇಪರ್ ಹಿಂದೆ ಇದ್ರಿ ಅಲ್ವಾ? ಯಾವಾಗಿಂದ?"

ಈಗಷ್ಟೇ ಬಂದೆ ಎನ್ನಬಹುದಿತ್ತು. "ನೀವು ಆನೆ ತೋಳು ಅಂದಾಗಿಂದ," ಎಂದಳು ಟೈಲರಕ್ಕ, ತಲೆ ತಗ್ಗಿಸಿ.

"ಅಷ್ಟೂ ಕೇಳಿಸ್ಕೊಂಡು ನಿಂತಿದ್ರಾ!"

ತೂತು ಹಾಕಿದ್ದು ಅಭ್ಯಾಸದ ಕೈ, ನಿಂತು ನೋಡಿದ್ದು ಅವಳೇ.

ಕಂಡಕ್ಟರ್ ನೀಲಿ ಬಟ್ಟೆಯನ್ನು ಅವಳ ಕಡೆ ತಳ್ಳಿದಳು. "ಇದ್ರಲ್ಲಿ ಏನಾದ್ರೂ ಉಳಿಯುತ್ತಾ, ನೋಡಿ."

ಟೈಲರಕ್ಕ ಬಟ್ಟೆಯನ್ನು ಬಿಡಿಸಿ, ಅಂಗೈಯಲ್ಲಿ ಸವರಿ, ಗೇಣು ಹಾಕಿ ಅಳೆದಳು. "ತೋಳು ಆಗಲ್ಲ. ತೋಳಿಲ್ಲದ ಜಾಕೆಟ್ಟಾದ್ರೆ ಆಗುತ್ತೆ. ಭಾನುವಾರದೊಳಗೆ ಮಾಡಿಕೊಡ್ತೀನಿ. ನಂಬಿಕೆ ಇಲ್ಲಾಂದ್ರೆ ನೀವು ಎದುರಿಗೇ ಕೂತ್ಕೊಳ್ಳಿ."

"ಕೂತ್ಕೊಳ್ದೆ ಬಿಡ್ತೀನಾ? ಸರಿ, ಮಗಳಿಗೆ ಏನು ಹೇಳ್ಲಿ? ಕೋಟು ಕೋಟು ಅಂತ ವಾರದಿಂದ ಕುಣೀತಾ ಇದಾಳೆ."

"ಟೈಲರ್ ಹಾಳು ಮಾಡಿದ್ಲು ಅನ್ನಿ."

"ಯಾವ ಟೈಲರ್ ಅಂತ ಕೇಳ್ತಾಳೆ."

ಟೈಲರಕ್ಕ ಓಣಿ ಹೇಳಿದಳು, ಬಾಗಿಲ ನಂಬರು ಹೇಳಿದಳು, ಹಿಟ್ಟಿನ ಗಿರಣಿಯ ಪಕ್ಕದ ಹಸಿರು ಬಾಗಿಲು ಎಂದೂ ಹೇಳಿದಳು. ಕಂಡಕ್ಟರ್ ಚೀಲದಿಂದ ಪೆನ್ನು ತೆಗೆದು, ಅಲ್ಲಿದ್ದವರೆಲ್ಲ ಕೇಳುವ ಹಾಗೆ ಒಂದೊಂದೇ ಮಾತು ಓದಿಕೊಳ್ಳುತ್ತ ಬರೆದುಕೊಂಡಳು. ಟೈಲರಕ್ಕ ತಡೆಯಲಿಲ್ಲ.