ಮೂರು ಸಲ ಕೇಳುವ ಅಡ್ವೈಸರ್

ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವನಿಗೆ ಒಂದು ಜಂಬ ಇರುತ್ತದೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನಿಗೆ ಬೇಕಾದ್ದು ಎರಡು ಇಂಚಿನ ಮೊಳೆಯೋ ಮೂರು ಇಂಚಿನದೋ ಹೇಳಬಲ್ಲೆ ಎಂಬ ಜಂಬ. ನನಗೂ ಇತ್ತು. ಅಂಗಡಿಯನ್ನು ತಮ್ಮನಿಗೆ ವಹಿಸಿ ಸರಸ್ವತಿ ನಗರದ ಮನೆಯಲ್ಲಿ ಕೂತ ಮೇಲೆ ಅದನ್ನು ಎಲ್ಲಿ ತೋರಿಸಬೇಕೆಂದು ತಿಳಿಯದೆ, ಒಬ್ಬ ಒಳ್ಳೆಯ ಟ್ರಾವೆಲ್ ಅಡ್ವೈಸರನ್ನು ಆರಿಸುವ ಕೆಲಸಕ್ಕೆ ಕೈ ಹಾಕಿದೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ನಾವು ಕಂಡ ಊರುಗಳೆಲ್ಲ ನೆಂಟರಿಷ್ಟರ ಜೊತೆ ಬಸ್ಸು ಮಾಡಿಕೊಂಡು ಕಂಡವು. ಬಸ್ಸಿನ ಟಾಪಿನ ಮೇಲೆ ಗ್ಯಾಸ್ ಒಲೆ, ಹಿಂದಿನ ಸೀಟಿನಲ್ಲಿ ರೊಟ್ಟಿ ಗಂಟು, ಅದರ ಪಕ್ಕದಲ್ಲಿ ಅದನ್ನು ಎಲ್ಲರಿಗೂ ಹಂಚುತ್ತ ನನ್ನ ಹೆಂಡತಿ. ಈ ಸಲ ಹಾಗಾಗಬಾರದು, ಆಕೆಯ ಜೀವಮಾನದಲ್ಲಿ ಒಂದು ಪ್ರವಾಸವಾದರೂ ಆಕೆಯ ಇಷ್ಟದಂತೆ ಆಗಬೇಕು ಎಂದು ನಿರ್ಧರಿಸಿದೆ. ಇಬ್ಬರೇ ಹೋಗುವುದು, ರಾಜರ ಹಾಗೆ ಹೋಗುವುದು, ಗ್ಯಾಸ್ ಒಲೆ ಇಲ್ಲದೆ ಹೋಗುವುದು. ಆಕೆಗೆ ಹೇಳಿದಾಗ "ನನಗೇನೂ ಬ್ಯಾಡ್ರಿ" ಅಂದಳು. ಸಂತೋಷಕ್ಕೆ ಹಾಗಂದಳು ಎಂದುಕೊಂಡೆ.

ಮೊದಲು ದಾವಣಗೆರೆಯಲ್ಲೇ ಒಂದು ಆಫೀಸಿಗೆ ಹೋದೆವು. ಮೂರನೆಯ ಮಹಡಿ, ಗಾಜಿನ ಬಾಗಿಲು, ಕೆಟ್ಟ ಲಿಫ್ಟು. ಐಷಾರಾಮಿ ಪ್ರವಾಸದ ಮೊದಲ ಹಂತವನ್ನು ನಾವು ಏದುಸಿರು ಬಿಡುತ್ತ ಹತ್ತಿದೆವು. ಒಳಗೆ ಕೋಟು ಹಾಕಿಕೊಂಡ ಅಡ್ವೈಸರ್ ಇದ್ದ. ಕೈಯಲ್ಲಿ ಟ್ಯಾಬು, ಮುಖದಲ್ಲಿ ಮದುವೆ ಮನೆಯ ನಗು. ಪ್ರತಿಯೊಬ್ಬರ ರುಚಿ ತಿಳಿದೇ ಪ್ಲಾನ್ ಮಾಡುತ್ತೇವೆ ಎಂದು ಹೇಳಿ ನೇರವಾಗಿ ನನ್ನ ಹೆಂಡತಿಯನ್ನೇ ಕೇಳಿದ. ಅವನ ಮೇಲೆ ನನಗೆ ಮರ್ಯಾದೆ ಹುಟ್ಟಿತು.

"ಮೇಡಂ, ಸಮುದ್ರ ಇಷ್ಟಾನಾ?"

"ಬ್ಯಾಡ್ರಿ."

"ದೋಣಿಮನೆ?"

"ಅಂಥದ್ದೇನೂ ಬ್ಯಾಡ."

"ಮಸಾಜ್, ಸ್ಪಾ?"

"ಅಯ್ಯ, ಬ್ಯಾಡ."

"ಹಿಮ ಬೀಳೋ ಜಾಗ?"

"ಬ್ಯಾಡ ಬಿಡ್ರಿ."

"ಆಕಿಗೆ ಚಳಿ ಆಗಲ್ಲ" ಎಂದು ನಾನೂ ಸೇರಿಸಿದೆ. ನಿಜವಾಗಿ ಚಳಿ ಆಗದವನು ನಾನು. ಗಂಡ ಹೆಂಡಿರ ನಡುವೆ ಇಂಥವನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬರೆದುಬಿಡುವುದು ರೂಢಿ.

ಅವನು ಒಂದೊಂದಕ್ಕೂ ಟ್ಯಾಬಿನ ಮೇಲೆ ಬೆರಳಾಡಿಸಿದ. ಎರಡು ದಿನದ ಮೇಲೆ ಪ್ಲಾನ್ ಬಂತು. ಆಕೆ ಬೇಡವೆಂದದ್ದನ್ನೆಲ್ಲ ತೆಗೆದುಹಾಕಿದ್ದ. ಸಮುದ್ರವಿಲ್ಲ, ದೋಣಿಮನೆಯಿಲ್ಲ, ಮಸಾಜಿಲ್ಲ, ಹಿಮವಿಲ್ಲ. ಉಳಿದದ್ದು ಒಂದು ದೊಡ್ಡ ಹೋಟೆಲಿನಲ್ಲಿ ಆರು ದಿನ ಕೂತಿರುವುದು. ಕೂತಿರಲು ನಮಗೆ ಸರಸ್ವತಿ ನಗರದಲ್ಲೇ ಸ್ವಂತ ಮನೆ ಇತ್ತು.

ಅವನನ್ನು ಬೈದೆ. ಆದರೆ ತಪ್ಪು ಅವನದಲ್ಲ. ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ಬೇಡ ಅನ್ನಬೇಕು. ಅದು ಮರ್ಯಾದೆ. ಎರಡನೆಯ ಸಲವೂ ಬೇಡ ಅನ್ನಬೇಕು. ಅದು ಸಂಕೋಚ. ಮೂರನೆಯ ಸಲ ಹೇಳುವುದೇ ಉತ್ತರ. ನಾನು ಹೆಣ್ಣು ನೋಡಲು ಆಕೆಯ ಊರಾದ ಕೊಂಡಜ್ಜಿಗೆ ಹೋದಾಗ ಉಪ್ಪಿಟ್ಟಿನ ತಟ್ಟೆಯನ್ನು ಮೊದಲ ಸಲ ನೀಡಿದಾಗಲೇ ತೆಗೆದುಕೊಂಡೆ. ಹುಡುಗ ಆತುರಗಾರ ಅಂತ ಆಕೆಯ ಮನೆಯವರು ಒಂದು ವರ್ಷ ಆಡಿಕೊಂಡರು. ಅಂಥ ಮನೆಯ ಮಗಳನ್ನು ಒಂದೇ ಸಲ ಕೇಳಿ, ಬೆರಳಾಡಿಸಿ, ಮುಂದಕ್ಕೆ ಹೋದರೆ ಹೋಟೆಲಿನ ಕೋಣೆಯೇ ಗತಿ. ಇದು ಟ್ಯಾಬಿಗೆ ತಿಳಿಯುವುದಿಲ್ಲ. ಮೂವತ್ತನಾಲ್ಕು ವರ್ಷ ಜೊತೆಗಿದ್ದ ನನಗೆ ತಿಳಿದಿತ್ತೇ ಎಂದು ಆಗ ನನಗೆ ಹೊಳೆಯಲಿಲ್ಲ.

ಟೈಲ್ಸ್ ವ್ಯಾಪಾರದ ಸ್ನೇಹಿತರೊಬ್ಬರು ಹರಿಹರದಲ್ಲಿ ಒಬ್ಬ ಹೆಣ್ಣುಮಗಳು ಇದೇ ಕೆಲಸ ಮಾಡುತ್ತಾಳೆ, ಹೋಗಿ ನೋಡು ಎಂದರು. ಒಂದು ಬೆಳಿಗ್ಗೆ ಕಾರು ತೆಗೆದುಕೊಂಡು ಹೋದೆವು. ಆಫೀಸೆಂದರೆ ಆಕೆಯ ಮನೆಯ ಮುಂದಿನ ಕೋಣೆ. ಗೋಡೆಯ ಮೇಲೆ ಗೋಪುರಗಳ ಚಿತ್ರವಿಲ್ಲ, ವಿಮಾನದ ಚಿತ್ರವಿಲ್ಲ, ಒಂದು ಪಂಚಾಂಗದ ಕ್ಯಾಲೆಂಡರು. ಆಕೆಗೆ ಐವತ್ತರ ಹತ್ತಿರ ವಯಸ್ಸು. ನಾನು ಗುತ್ತಿಗೆದಾರನನ್ನು ವಿಚಾರಿಸುವಂತೆ ವಿಚಾರಿಸಿದೆ.

"ನೀವು ಎಷ್ಟು ದೇಶ ನೋಡೀರಿ?"

"ನೋಡಿದ್ದು ಕಡಿಮೆ ರಿ. ಹೋಗಿ ಬಂದೋರು ಹೇಳಿದ್ದು ಬಾಳ ಕೇಳೀನಿ."

ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರೆ. ನನಗೆ ಆ ಕೋಣೆಯಲ್ಲಿ ಬರೀ ಕಲ್ಲೇ ಕಂಡವು. ಆದರೆ ಆಕೆ ನನ್ನ ಹೆಂಡತಿಗೆ ಚಾ ಕುಡೀರಿ ಅಂದಳು. ಇವಳು ಬ್ಯಾಡ ಅಂದಳು. ಆಕೆ ಮತ್ತೆ ಅಂದಳು, ಇವಳದು ಮತ್ತೆ ಬ್ಯಾಡ. ಮೂರನೆಯ ಸಲ "ಅರ್ಧ ಲೋಟ ಕೊಡ್ರಿ" ಅಂದಳು. ಪೂರ್ತಿ ಲೋಟ ಬಂತು, ಪೂರ್ತಿ ಕುಡಿದಳು.

ಆಮೇಲೆ ಪ್ರಶ್ನೆ ಶುರುವಾದವು. ಮೊದಲ ನಾಲ್ಕಕ್ಕೆ ನಾನೇ ಉತ್ತರ ಕೊಟ್ಟೆ. ಐದನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆಕೆ ಪೆನ್ನು ಕೆಳಗಿಟ್ಟಳು.

"ಅಣ್ಣಾರೆ, ನೀವು ಒಂದೀಟು ಹೊರಗ ಕಟ್ಟಿ ಮ್ಯಾಲೆ ಕೂಡ್ರಿ. ಗಾಳಿ ಚಲೋ ಐತೆ."

ನಲವತ್ತು ವರ್ಷದಲ್ಲಿ ನನ್ನನ್ನು ಯಾರೂ ಹೊರಗೆ ಕಳಿಸಿರಲಿಲ್ಲ. ಅವಮಾನವಾಯಿತು. ಹೋಗಿ ಕೂತೆ. ಗಾಳಿ ಇರಲಿಲ್ಲ. ಕಿಟಕಿ ತೆರೆದಿತ್ತು. ಕದ್ದು ಕೇಳಿದೆ ಅನ್ನಲಾರೆ. ಕಿವಿಯನ್ನು ಬೇರೆಲ್ಲೂ ಇಡಲು ಜಾಗವಿರಲಿಲ್ಲ.

"ಎಲ್ಲಿಗೆ ಹೋಗ್ಬೇಕು ಅಂತ ಐತ್ರಿ ಅಕ್ಕಾರೆ?" ಹರಿಹರದಾಕೆಯ ದನಿ.

"ಅವರು ಎಲ್ಲಿ ಅಂತಾರೋ ಅಲ್ಲಿ."

ಹರಿಹರದಾಕೆ ಮತ್ತೆ ಅದನ್ನೇ ಕೇಳಿದಳು.

"ಎಲ್ಲಾದ್ರೂ ನಡಿತೈತ್ರಿ. ನನಗೇನು."

ಮೂರನೆಯ ಸಲವೂ ಹರಿಹರದಾಕೆಯದು ಅದೇ ಪ್ರಶ್ನೆ, ಅದೇ ದನಿ. ಆಕೆಗೆ ಅವಸರವೇ ಇರಲಿಲ್ಲ.

"ಹಿಮದ ಗುಡ್ಡ ನೋಡ್ಬೇಕ್ರಿ" ಅಂದಳು ನನ್ನ ಹೆಂಡತಿ. "ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೆ ಕಾಣ್ಬೇಕು. ಎದ್ದು ಹೋಗಿ ಕಿಟಕಿ ತೆಗೆಯಂಗ ಇರಬಾರ್ದು. ಮಲಗಿದಲ್ಲಿಂದಾನೇ."

ಮಂಚ ಯಾವ ದಿಕ್ಕಿಗೆ ಇರಬೇಕು ಎಂಬುದರವರೆಗೂ ಯೋಚಿಸಿಟ್ಟಿದ್ದಳು. ಇದು ನಿನ್ನೆ ಮೊನ್ನೆ ಹುಟ್ಟಿದ ಆಸೆಯಲ್ಲ. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಆಗಲಿ, ದಪ್ಪ ಸ್ವೆಟರು ಕೊಂಡರಾಯಿತು ಎಂದು ಲೆಕ್ಕ ಹಾಕತೊಡಗಿದೆ.

"ಎಷ್ಟು ಮಂದಿರಿ?"

"ಇಬ್ಬರು."

"ಇಬ್ಬರೇನ್ರಿ?"

"ಮತ್ತೆ ಅವರನ್ನ ಬಿಟ್ಟು ಹೆಂಗ ಹೋಗ್ಲಿ?"

ಇನ್ನು ಕೇಳಬೇಡ ತಾಯಿ ಎಂದು ನನಗೇ ಅನಿಸಿತು. ಆಕೆ ಮೂರನೆಯ ಸಲವೂ ಕೇಳಿದಳು. ನನ್ನ ಹೆಂಡತಿ ದನಿ ತಗ್ಗಿಸಿದಳು.

"ಹೆಂಗಸರು ಒಬ್ಬರೇ ಹೋದ್ರೆ ಅಂಥ ಕಡೆ ರೂಮು ಕೊಡ್ತಾರೇನ್ರಿ?"

"ಕೊಡ್ತಾರ್ರಿ" ಅಂದಳು ಹರಿಹರದಾಕೆ.

ನನ್ನನ್ನು ಒಳಗೆ ಕರೆದರು. ನನ್ನನ್ನು ಏನೂ ಕೇಳಲಿಲ್ಲ. ವಿಚಾರ ಮಾಡಿ ಫೋನ್ ಮಾಡ್ರಿ ಎಂದು ಹರಿಹರದಾಕೆ ಕಳಿಸಿದಳು. ಕಾರನ್ನು ಊರ ಕಡೆ ತಿರುಗಿಸಿದೆ. ನನಗೆ ನೋವಾಗಿತ್ತು, ನೋವಾದಾಗ ನಾನು ಗೇರು ಜೋರಾಗಿ ಬದಲಾಯಿಸುತ್ತೇನೆ. ಆಕೆಗೆ ಅದು ಗೊತ್ತು.

"ಕಿಟಕಿ ತೆಗೆದಿತ್ತೇನ್ರಿ?" ಅಂದಳು.

"ತೆಗೆದಿತ್ತು. ನಾನೇನು ಮಾಡಿದ್ದೆ ನಿನಗೆ?"

"ನೀವೇನೂ ಮಾಡಿಲ್ಲ." ರಸ್ತೆಯನ್ನೇ ನೋಡುತ್ತ ಹೇಳಿದಳು. "ನೀವು ಜೊತೆಗಿದ್ರೆ ನಿಮಗೆ ಚಾ ಸಿಕ್ತೋ ಇಲ್ಲೋ, ಗುಳಿಗೆ ತಗಂಡ್ರೋ ಇಲ್ಲೋ, ಯಾರ ಮ್ಯಾಲಾದ್ರೂ ಸಿಟ್ಟು ಬಂತೋ, ಅದನ್ನೇ ನೋಡ್ತಿರ್ತೀನಿ. ನೀವು ನೋಡು ಅಂದಿಲ್ಲ. ನನ್ನ ಕಣ್ಣು ಅಲ್ಲಿಗೇ ಹೋಗ್ತಾವೆ. ಕನ್ಯಾಕುಮಾರಿಗೆ ಹೋದ್ವಲ್ಲ, ಅಲ್ಲಿ ಸೂರ್ಯ ಹುಟ್ಟಿದ್ದು ನಾ ನೋಡಿಲ್ಲ. ನಿಮ್ಮ ಮಫ್ಲರ್ ಹುಡುಕ್ತಿದ್ದೆ."

ಆ ಸೂರ್ಯೋದಯ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಗೆ ಬಂದ ಎಷ್ಟೋ ಜನರಿಗೆ ಅದನ್ನು ಬಣ್ಣಿಸಿದ್ದೇನೆ, ನಾವಿಬ್ಬರೂ ನೋಡಿದೆವು ಅಂತಲೇ ಹೇಳಿದ್ದೇನೆ. ಆಕೆಯೂ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದ್ದಾಳೆ.

ಮೂರು ದಿನ ನಾನು ಸೆಟೆದುಕೊಂಡಿದ್ದೆ. ಆಕೆಯಂತೂ ಆ ಮಾತನ್ನೇ ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಂತು, ಗುಳಿಗೆ ಬಂತು. ನಾಲ್ಕನೆಯ ದಿನ ಗುಳಿಗೆಯ ಜೊತೆ ನೀರಿನ ಲೋಟ ಹಿಡಿದು ನಿಂತವಳು, ನಾನು ನುಂಗುವವರೆಗೂ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಕೆಯ ಹಿಂದೆ ಕಿಟಕಿಯಿತ್ತು. ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಎದುರು ಮನೆಯ ನೀರಿನ ಟ್ಯಾಂಕು. ಆದರೂ ಆಕೆ ಅತ್ತ ಒಮ್ಮೆಯೂ ತಿರುಗಲಿಲ್ಲ.

ಆಕೆ ಅಡುಗೆ ಮನೆಗೆ ಹೋದ ಮೇಲೆ ಹರಿಹರಕ್ಕೆ ಫೋನ್ ಮಾಡಿದೆ.

"ಎಷ್ಟು ಮಂದಿಗೆ ಮಾಡ್ಲಿ ಅಣ್ಣಾರೆ?"

"ಒಬ್ಬರಿಗೆ."

ಆಕೆ ಬರೆದುಕೊಂಡಳು ಅಂತ ಕಾಣುತ್ತದೆ. ಆಮೇಲೆ ಕೇಳಿದಳು. "ನಿಮಗೇನೂ ಬ್ಯಾಸರ ಇಲ್ಲಲ್ರಿ?"

"ಐತ್ರಿ" ಅಂದೆ. "ಒಬ್ಬರಿಗೇ ಮಾಡ್ರಿ."