ತಾನಿಸ್‌ನ ಕಲ್ಲು, ಮಡಗಾಂವಿನ ಹೊಸ್ತಿಲು

ಇವತ್ತು ಬೆಳಿಗ್ಗೆ ಬೆಲ್ಲ ಕಟ್ಟಿಕೊಡಲು ರದ್ದಿಯ ತಳದಿಂದ ಪೇಪರು ಎಳೆದವನು ಹಾಗೇ ನಿಂತೆ. ಈಜಿಪ್ಟಿನ ಹಾಳೂರು ತಾನಿಸ್‌ನ ಫೋಟೋ: ಮಣ್ಣಿನಲ್ಲಿ ಬಿದ್ದ ಗುಡಿಯ ಕಂಬಗಳು, ಮೂಗಿಲ್ಲದ ರಾಜ. ಈ ಹಾಳೆಯನ್ನು ನಾನೇ ರಾಜೇಸಾಬನಿಗೆಂದು ತೆಗೆದಿಟ್ಟಿದ್ದೆ.

ಮಡಗಾಂವಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಧಾರವಾಡ ಬಿಟ್ಟು ಮೂವತ್ತು ವರ್ಷ. ದಿನವಿಡೀ ಕೊಂಕಣಿ, ಹಿಂದಿ. ಕನ್ನಡ ಬಾಯಿಗೆ ಬರುತ್ತಿದ್ದುದು ಭಾನುವಾರ, ಮೋತಿ ಡೊಂಗರ್ ಗುಡ್ಡದಿಂದ ರಾಜೇಸಾಬ ಇಳಿದು ಬಂದಾಗ. ವಿಜಯಪುರದ ಕಡೆಯ ಗೌಂಡಿ. ಊರೆಲ್ಲ ಮನೆ ಕಟ್ಟಿದವನು, ತಾನು ಮಾತ್ರ ಬಾಡಿಗೆ ಖೋಲಿಯಲ್ಲಿದ್ದ. ಓದು ಬಾರದು. ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ, "ಆ ಕಲ್ಲಿನೂರಿಂದು ಓದ್ರಿ ಸಾವ್ಕಾರ್ರ," ಅನ್ನುತ್ತಿದ್ದ.

ನಾನು ಓದುತ್ತಿದ್ದೆ: ಒಂದು ರಾಜಧಾನಿಯ ಪಕ್ಕದ ನದಿ ದಿಕ್ಕು ಬದಲಿಸಿತು. ಮುಂದಿನ ರಾಜರು ಅಲ್ಲಿಯ ಗುಡಿಗಳ ಕಲ್ಲುಗಳನ್ನೇ ಹೊತ್ತು ತಂದು ತಾನಿಸ್ ಕಟ್ಟಿದರು. ಸಾವಿರಾರು ವರ್ಷದ ಮೇಲೆ ಅಗೆದ ಪಂಡಿತರು ಕಲ್ಲಿನ ಮೇಲೆ ಹಳೇ ರಾಜನ ಹೆಸರು ನೋಡಿ, ಆ ಹಳೇ ರಾಜಧಾನಿ ಇದೇ ಎಂದು ತಪ್ಪಾಗಿ ಹೇಳಿಬಿಟ್ಟರು.

"ನೋಡ್ರಿ, ಕಲ್ಲು ಎಲ್ಲೈತೋ ಊರು ಅಲ್ಲೇ ಐತಿ ಅಂದ್ರು!" ರಾಜೇಸಾಬ ತೊಡೆ ತಟ್ಟಿ ನಗುತ್ತಿದ್ದ. "ಅಲ್ಲಿ ಹೊಳಿ ಊರು ಬಿಟ್ಟು ಹೋತು. ನಮ್ಮಲ್ಲಿ ಹೊಳಿ ಊರಾಗ ಬಂತು."

ಅವನ ಊರು ಅಣೆಕಟ್ಟಿನ ನೀರಿಗೆ ಹೋಗಿತ್ತು. ಮನೆಯಿಂದ ಕಿತ್ತು ತಂದದ್ದು ಹೊಸ್ತಿಲ ಕಲ್ಲೊಂದೇ. ಖೋಲಿಯ ಮಂಚದ ಕೆಳಗಿತ್ತು. ಮೈ ಸೋತು ಮಗಳ ಮನೆಗೆ ಹೊರಡುವ ಮುನ್ನ ಅದನ್ನು ಕೈಗಾಡಿಯಲ್ಲಿ ನನ್ನ ಅಂಗಡಿಗೆ ತಂದ.

"ನಿಮ್ಮ ಅಂಗಡಿಗೆ ಹೊಸ್ತಿಲ ಇಲ್ರಿ. ಇದನ್ನ ಕೂಡಿಸಿ ಹೋಗ್ತೀನಿ. ಅರ್ಧಾ ತಾಸಿನ ಕೆಲಸ."

"ಗಣಪತಿ ಹಬ್ಬದ ಗದ್ದಲ ಐತೋ ಮಾರಾಯ. ಗಿರಾಕಿ ಎಡವಿ ಬೀಳ್ತಾರ. ಆಮ್ಯಾಲ ನೋಡೂಣ."

"ಹೌದ್ರಿ," ಅಂದ, ಅಷ್ಟೇ. ಕಲ್ಲು ಇಟ್ಟು ಹೋದ. ಹೋದ ಮಳೆಗಾಲದಲ್ಲಿ ಮಗಳು ಫೋನು ಮಾಡಿ, ಅಪ್ಪ ತೀರಿಕೊಂಡ ಅಂದಳು. ಅಲ್ಲಿಯವರೆಗೂ ನಾನೆಂಬ ಈ ಶ್ಯಾಣ್ಯಾ ವ್ಯಾಪಾರಿ ಆ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆಯುತ್ತಿದ್ದ! ನೆನೆದರೆ ನಾಚಿಕೆಯಾಗುತ್ತದೆ.

ಇವತ್ತು ಬೆಲ್ಲವನ್ನು ಬೇರೆ ಹಾಳೆಯಲ್ಲಿ ಕಟ್ಟಿಕೊಟ್ಟೆ. ಅರ್ಧ ಬಾಗಿಲು ಎಳೆದು, ಸಿಮೆಂಟು ಕಲಸಿ, ಕಲ್ಲನ್ನು ಬಾಗಿಲಲ್ಲಿ ಕೂರಿಸಿದೆ. ಅರ್ಧ ತಾಸಲ್ಲ, ಮಧ್ಯಾಹ್ನದವರೆಗೆ ಹಿಡಿಯಿತು. ಎಡಕ್ಕೆ ವಾಲಿದೆ. ರಾಜೇಸಾಬ ಇದ್ದಿದ್ದರೆ ಬೈದು ಮತ್ತೆ ಕೀಳಿಸುತ್ತಿದ್ದ.

ಸಂಜೆ ಮೀನು ಮಾರುವ ಹೆಂಗಸು ಹಸಿ ಸಿಮೆಂಟು ತುಳಿಯದೆ ದಾಟಿ ಬಂದು, ಈ ಕಲ್ಲು ಎಲ್ಲಿಯದೆಂದು ಕೊಂಕಣಿಯಲ್ಲಿ ಕೇಳಿದಳು.

"ಹಾಂಗಾಚೊಚ್," ಎಂದೆ. ಇಲ್ಲಿಯದೇ.

ಮಿಕ್ಕದ್ದನ್ನು ಹೇಳಲು ಕನ್ನಡ ಬೇಕಿತ್ತು. ರಾಜೇಸಾಬನ ಸ್ಟೂಲು ಖಾಲಿ. ಅದಕ್ಕೇ ನಿಮಗೆ ಹೇಳಿದೆ.