ಜಾರುತ್ತ ಬರುವ ಮಂದ್ರಸ್ವರ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಯಾವುದಾದರೊಂದು ಹುಚ್ಚು ಹಿಡಿಯುವುದು ವಾಡಿಕೆ. ಕೆಲವರಿಗೆ ತೀರ್ಥಯಾತ್ರೆ, ಕೆಲವರಿಗೆ ಬೆಳಗಿನ ವಾಕಿಂಗು, ಇನ್ನು ಕೆಲವರಿಗೆ ಸೊಸೆ ಮಾಡಿದ ಸಾರಿನಲ್ಲಿ ಉಪ್ಪು ಹುಡುಕುವುದು. ಸೊಲ್ಲಾಪುರದಲ್ಲಿ ಚಾದರ, ಟಾವೆಲು ಮಾರಿಕೊಂಡಿರುವ ನನಗೆ ಹಿಡಿದದ್ದು ಗುಂಡಿಗಳ ಹುಚ್ಚು. ಅಂಗಿಯ ಗುಂಡಿಯಲ್ಲ, ಸಿಂಥ್ ಎಂಬ ವಾದ್ಯದ ಮೇಲೆ ಸಾಲಾಗಿ ಕೂತಿರುವ, ತಿರುವಿದರೆ ದನಿ ಬದಲಾಗುವ ಗುಂಡಿಗಳು. ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ವಾದ್ಯ ಅದು. ಅದರಿಂದ ನನಗೆ ಬೇಕಾಗಿದ್ದದ್ದು ಒಂದೇ ದನಿ: ಹಳೆಯ ಆನಲಾಗ್ ವಾದ್ಯಗಳದ್ದರಂಥ, ಮೈತುಂಬಿಕೊಂಡ, ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುವ ಬೇಸ್, ಎಂದರೆ ತೀರ ಕೆಳಗಿನ ಮಂದ್ರದನಿ. ಹಾರ್ಮೋನಿಯಂನಲ್ಲಿ ಸರಿಗಮ ದಾಟದವನಿಗೆ ಇದೆಲ್ಲ ಏಕೆ ಎಂದು ನೀವು ಕೇಳಬೇಕು. ಕೇಳಿದಿರಿ ಎಂದುಕೊಂಡೇ ಹೇಳುತ್ತೇನೆ.

ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಅಕ್ಕಲಕೋಟೆಯ ಕಡೆಯ ಹನ್ನೂರಿನಲ್ಲಿ ಮಕ್ಕಳು ಮೊಮ್ಮಕ್ಕಳ ಗದ್ದಲದ ನಡುವೆ ಇರುವವಳು. ಅಲ್ಲಿಯ ಹೆಂಗಸರು ಸೋಮವಾರ ಸಂಜೆ ಸೇರಿ ಪದ ಹಾಡುತ್ತಾರೆ. ಮುಂದೆ ಹಾಡುವವಳು ದೊಡ್ಡವ್ವ. ಅವಳು ಯಾವ ಸ್ವರ ಹಿಡಿಯುತ್ತಾಳೋ ಉಳಿದವರೆಲ್ಲ ಅದಕ್ಕೇ ಬರಬೇಕು; ಹಿರಿಯಳನ್ನು ತಿದ್ದುವ ಪದ್ಧತಿ ಇಲ್ಲ. ಆದರೆ ಈಚೆಗೆ ಅವಳ ಕಿವಿ ಮಂದವಾಗಿ, ಹಿಡಿದ ಸ್ವರ ಅತ್ತಿತ್ತ ಸರಿಯತೊಡಗಿತು. ಹೆಂಗಸರು ಮರ್ಯಾದೆಗಾಗಿ ಅವಳ ಹಿಂದೆಯೇ ದಾರಿ ತಪ್ಪಿದರು. ಹಾರ್ಮೋನಿಯಂಗೆ ಅಂಥ ಮರ್ಯಾದೆ ತಿಳಿಯದು, ಅದು ನಿಂತಲ್ಲೇ ನಿಂತು ಸತ್ಯ ಹೇಳುತ್ತದೆ. ಹಾಗಾಗಿ ಒಂದು ಸೋಮವಾರ, ಅದನ್ನು ನುಡಿಸುವ ಕಮಲಾಬಾಯಿ ಮೆಲ್ಲಗೆ ಮುಚ್ಚಿಟ್ಟು, ಬರೀ ತಾಳ ಹಾಕುತ್ತ ಕೂತರು. ಇದಕ್ಕಿಂತ ಪ್ರೀತಿಯ ತಪ್ಪನ್ನು ನಾನು ಕಂಡಿಲ್ಲ. ಆದರೆ ದೊಡ್ಡವ್ವನ ಕಿವಿ ಹೋಗಿತ್ತೇ ಹೊರತು ಕಣ್ಣಲ್ಲ. ಮುಚ್ಚಿದ ಪೆಟ್ಟಿಗೆಯನ್ನು ನೋಡಿದಳು, ಪದ ಮುಗಿಸಿದಳು, ಮುಂದಿನ ವಾರದಿಂದ ಭಜನೆಗೆ ಹೋಗಲಿಲ್ಲ.

ಕಿವಿಗೆ ಹಾಕುವ ಯಂತ್ರ ತಂದುಕೊಟ್ಟಿದ್ದೆವು. "ಭಾಂಡೆ ತಿಕ್ಕಿದಂಗ ಆವಾಜ ಬರ್ತೈತಿ" ಎಂದು ಅದನ್ನು ಕಪಾಟಿಗೆ ಸೇರಿಸಿದ್ದಳು. ನಾನು ನೋಡಲು ಹೋದಾಗ ಹತ್ತಿರ ಕೂರಿಸಿಕೊಂಡು, "ಹಾಡೂದು ಬಿಟ್ಟೆ ಅಂತ ಅಳಾಕತ್ತಿಲ್ಲ ತಮ್ಮಾ. ಆದ್ರ ಬಾಯಿ ಸುಮ್ಮ ಕುಂದ್ರವಲ್ದು" ಎಂದಳು. ಅಷ್ಟರಲ್ಲಿ ಅವಳೇ ತಲೆಯೆತ್ತಿ, "ಗಿರಣಿ ಸುರು ಆತು ನೋಡು" ಎಂದಳು. ನನಗೆ ಏನೂ ಕೇಳಿಸಲಿಲ್ಲ. ಹೊರಗೆ ಹೋಗಿ ನಿಂತು ಕಿವಿಗೊಟ್ಟೆ. ಹೌದು, ಎರಡು ಓಣಿಯಾಚೆ ಹಿಟ್ಟಿನ ಗಿರಣಿ.

"ಮಂದಿ ಮಾತು ತಿಳಿಯಂಗಿಲ್ಲ. ಗಿರಣಿ ತಿಳೀತೈತಿ, ಎಸ್ಟಿ ಬಸ್ಸು ಬಂದದ್ದು ತಿಳೀತೈತಿ. ಕಾಲಾಗ ಬರ್ತೈತಿ ಅದು" ಎಂದು ನಕ್ಕಳು.

ಬಳೆಯ ಸದ್ದು, ಗುಬ್ಬಿಯ ಸದ್ದು, ಮರಿಮಗುವಿನ ತೊದಲು ಎಲ್ಲ ಅವಳನ್ನು ಬಿಟ್ಟು ಹೋಗಿದ್ದವು. ಕೆಳಗಿನ ಬಾಗಿಲೊಂದು ಮಾತ್ರ ತೆರೆದೇ ಇತ್ತು. ಅದರೊಳಗೆ ಒಂದು ಸ್ವರವನ್ನು ಕಳಿಸಬಹುದಲ್ಲ ಎನಿಸಿತು. ಆ ಯೋಚನೆ ಬಂದ ಕೂಡಲೇ ಮೈ ಜುಮ್ಮೆಂದಿತು.

ಸೊಲ್ಲಾಪುರಕ್ಕೆ ಮರಳಿ ಒಂದು ಹಳೆಯ ಸಿಂಥ್ ಕೊಂಡೆ, ಜೊತೆಗೆ ಕಟ್ಟಿಗೆಯ ದೊಡ್ಡ ಸ್ಪೀಕರ್ ಪೆಟ್ಟಿಗೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೋಣವೇ ಕಿನ್ನರಿ ಬಾರಿಸುತ್ತಿತ್ತು. ವ್ಯಾಪಾರಿಯ ಬುದ್ಧಿ ನೋಡಿ, ಗಿರಾಕಿ ಚಾದರ ದಪ್ಪ ಬೇಕೆಂದರೆ ತೂಕದ ಚಾದರ ತೆಗೆಯುವ ಹಾಗೆ, ದನಿ ತುಂಬಬೇಕೆಂದು ಇದ್ದಬದ್ದ ಸ್ವರಗಳನ್ನೆಲ್ಲ ಒಂದರ ಮೇಲೊಂದು ಹೇರಿದೆ. ಅಡುಗೆಮನೆಯ ಮಾಡದಲ್ಲಿ ತಾಟುಗಳು ಕುಣಿದವು.

"ಏನ್ರಿ ಇದು? ಮನ್ಯಾಗ ಡೀಜೆ ತಂದೀರೇನು?" ಎಂದು ನನ್ನ ಹೆಂಡತಿ ಸುನಂದಾ ಕೈಯಲ್ಲಿ ಸೌಟು ಹಿಡಿದೇ ಬಂದಳು. "ಆವಾಜ ದೊಡ್ಡದೈತಿ, ಆದ್ರ ಒಳಗ ಏನೂ ಇಲ್ಲ."

ವಿಮರ್ಶೆ ಸರಿಯಾಗಿತ್ತು. ಹೇರಿದ್ದನ್ನೆಲ್ಲ ಇಳಿಸಿ ಒಂದೇ ಸ್ವರದ ಎರಡು ದನಿ ಮಾತ್ರ ಉಳಿಸಿದೆ. ಎರಡನ್ನೂ ಕರಾರುವಾಕ್ಕಾಗಿ ಕೂಡಿಸಿದರೆ ದನಿ ಸಪ್ಪೆ. ಒಂದನ್ನು ಕೂದಲೆಳೆಯಷ್ಟು ಸರಿಸಿದೆ ನೋಡಿ, ದನಿ ಉಸಿರಾಡತೊಡಗಿತು! ಹತ್ತಿರ ಬರುತ್ತದೆ, ದೂರ ಸರಿಯುತ್ತದೆ, ಮತ್ತೆ ಹತ್ತಿರ ಬರುತ್ತದೆ. ನಾನು ಗುಂಡಿಯ ಮೇಲಿನ ಕೈ ತೆಗೆಯದೆ ಕೂತೆ. ಹಳೆಯ ಯಂತ್ರಗಳು ಕಾವೇರಿದಂತೆ ತಮ್ಮಷ್ಟಕ್ಕೇ ಸ್ವಲ್ಪ ಶ್ರುತಿ ಬಿಡುತ್ತಿದ್ದವಂತೆ. ಜನ ಇಂದಿಗೂ ಹಂಬಲಿಸುವುದು ಆ ದೋಷಕ್ಕೇ. ಪೂರ್ತಿ ಒಪ್ಪಿಗೆಯಿಂದ ತುಂಬುತನ ಬರುವುದಿಲ್ಲ, ಸಣ್ಣದೊಂದು ಭಿನ್ನಾಭಿಪ್ರಾಯ ಬೇಕು. ಇದನ್ನು ಸುನಂದಾಗೆ ಹೇಳಿದೆ. "ಹಂಗಾದ್ರ ನಮ್ಮ ಸಂಸಾರ ಭಾಳ ತುಂಬೈತಿ ಬಿಡ್ರಿ" ಎಂದು ಒಳಗೆ ಹೋದಳು.

ಆಮೇಲೆ ಫಿಲ್ಟರ್ ಎಂಬ ಗುಂಡಿ. ಅದು ಜರಡಿಯ ಹಾಗೆ, ಮೇಲಿನ ಚೂಪು ದನಿಗಳನ್ನು ತಡೆದು ಕೆಳಗಿನದ್ದನ್ನು ಬಿಡುತ್ತದೆ. ಅದನ್ನೂ ಹದಕ್ಕೆ ತಂದು, ಸಾಮಾನು ಕಟ್ಟಿಕೊಂಡು ಹನ್ನೂರಿಗೆ ಹೋದೆ. ದೊಡ್ಡವ್ವ ಎರಡೂ ಅಂಗೈ ಸ್ಪೀಕರ್ ಪೆಟ್ಟಿಗೆಯ ಮೇಲೆ ಊರಿ ಕೂತಳು. ಒಂದು ಸ್ವರ ನುಡಿಸಿದೆ, ತಲೆದೂಗಿದಳು. ಇನ್ನೊಂದು ನುಡಿಸಿದೆ, ಅವಳ ಮುಖ ಬಾಡಿತು.

"ಬಂತು ಖರೆ. ಆಮ್ಯಾಲ ಎತ್ತಾಗ ಹೋತೋ ಗೊತ್ತಾಗಲಿಲ್ಲ" ಎಂದಳು.

ಪೆಚ್ಚಾಗಿ ಸೊಲ್ಲಾಪುರಕ್ಕೆ ಬಂದೆ. ತಬಲಾದ ಡಗ್ಗವನ್ನು ನೀವು ನೋಡಿರಬಹುದು. ಹೊಡೆದ ಮೇಲೆ ಅಂಗೈ ಒತ್ತಿ ಸರಿಸುತ್ತಾರೆ, ದನಿ ಎದ್ದು ನಡೆಯುತ್ತದೆ. ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು ಎರಡೂ ಕೇಳುವವನಿಗೆ ತಿಳಿಯುತ್ತದೆ. ದೊಡ್ಡವ್ವನಿಗೆ ಬೇಕಾದದ್ದು ಸ್ವರವಲ್ಲ, ಸ್ವರಕ್ಕೆ ಹೋಗುವ ದಾರಿ. ಸ್ವರದಿಂದ ಸ್ವರಕ್ಕೆ ಜಾರಿಸುವ ಗ್ಲೈಡ್ ಎಂಬ ಗುಂಡಿ ಇರುವುದು ಅದಕ್ಕೇ. ಮೊದಲು ಅತಿಯಾಗಿ ತಿರುಗಿಸಿದೆ, ಎಲ್ಲ ಸ್ವರಗಳಿಗೂ ಸೆರೆ ಕುಡಿಸಿದ ಹಾಗಾಯಿತು. ಕಡಿಮೆ ಮಾಡುತ್ತ ಬಂದೆ. ಒಂದು ಸಂಜೆ ದನಿ ಕೆಳಗಿನಿಂದ ಹೊರಟು, ತುಂಬಿಕೊಂಡೇ ಮೇಲೇರಿ, ತನ್ನ ಜಾಗದಲ್ಲಿ ಕೂತಿತು. ಅದು ನಾನೇ ಮಾಡಿದ್ದೆಂದು ನನಗೆ ನಂಬಿಕೆ ಬರಲಿಲ್ಲ. ಗಾಳಿಯ ನಡುಕ ಇಷ್ಟೊಂದು ತಿಳಿವಳಿಕೆಯಿಂದ ನಡೆಯಬಲ್ಲುದೇ! ಕೈಮುಗಿಯಬೇಕೆನಿಸಿತು, ಮುಗಿದೆ.

ಮತ್ತೆ ಸಾಮಾನು ಕಟ್ಟಿಕೊಂಡು ಹನ್ನೂರಿಗೆ ಹೋಗಿ ಹೆಂಗಸರಿಗೆ ಹೇಳಿಕಳಿಸಿದೆ. ಮುಂದಿನ ಸೋಮವಾರ ಭಜನೆ ದೊಡ್ಡವ್ವನ ಪಡಸಾಲೆಯಲ್ಲೇ ಕೂಡಿತು. ಕಮಲಾಬಾಯಿ ಹಾರ್ಮೋನಿಯಂ ತಂದಿದ್ದರು, ಮುಚ್ಚಳ ತೆಗೆಯಲು ಹಿಂಜರಿದರು. ದೊಡ್ಡವ್ವ ಕಂಡಳು.

"ತಗೀರಿ ಬಾಯಿ. ತಪ್ಪಿದ್ರ ತಪ್ಪೈತಿ ಅನ್ರಿ. ನೀವು ಸುಮ್ಮ ಕುಂತ್ರ ನನಗ ಹೆಂಗ ತಿಳೀಬೇಕು?"

ಕಮಲಾಬಾಯಿಯ ಕಣ್ಣು ತುಂಬಿತು. ಮುಚ್ಚಳ ತೆಗೆದರು. ನಾನು ಬೇಸ್ ಹಿಡಿದೆ. ಸ್ಪೀಕರ್ ಪೆಟ್ಟಿಗೆಯ ಮೇಲೆ ದೊಡ್ಡವ್ವನ ಕೈ. ಅವಳು ಎತ್ತಿದ ಸ್ವರ ಎಲ್ಲೋ ಕೆಳಗಿತ್ತು. ನಾನು ಆ ಕೆಳಗಿನ ಜಾಗಕ್ಕೇ ಹೋಗಿ, ಅಲ್ಲಿಂದ ಮೆಲ್ಲಗೆ ಮೇಲೆ ಜಾರಿಸಿದೆ. ಅವಳ ದನಿ ಆ ದನಿಯ ಸೆರಗು ಹಿಡಿದು ಬಂತು, ಬಂತು, ಹಾರ್ಮೋನಿಯಂನ ಸ್ವರದಲ್ಲಿ ಬಂದು ನಿಂತಿತು. ಹೆಂಗಸರೆಲ್ಲ ಒಟ್ಟಿಗೆ ಎತ್ತಿಕೊಂಡರು. ನೆಲ, ಪೆಟ್ಟಿಗೆ, ನನ್ನ ಎದೆ ಎಲ್ಲ ಒಂದೇ ಆಗಿ ನಡುಗುತ್ತಿತ್ತು. ನಾನು ಬಾಯಿ ತೆರೆದು ಅವಳನ್ನೇ ನೋಡುತ್ತ, ಮುಂದಿನ ಸ್ವರಕ್ಕೆ ಹೋಗುವುದನ್ನೇ ಮರೆತೆ.

ದೊಡ್ಡವ್ವ ಮರೆತಿರಲಿಲ್ಲ. ಹಾದಿ ಒಮ್ಮೆ ಸಿಕ್ಕಿದ್ದೇ ಸಾಕಾಗಿತ್ತು. ಪದ ಅವಳಲ್ಲೇ ಇತ್ತು, ಅವಳು ಮುಂದೆ ಹೋಗಿಬಿಟ್ಟಿದ್ದಳು. ಪೆಟ್ಟಿಗೆಯಲ್ಲಿ ದನಿ ನಿಂತಲ್ಲೇ ನಿಂತಿರುವುದು ಅಂಗೈಗೆ ತಿಳಿದಿರಬೇಕು. ಸಾಲು ಮುಗಿಸಿ, ಹೆಂಗಸರು ತಿರುಗಿ ಹಾಡುವಷ್ಟರಲ್ಲಿ ನನ್ನತ್ತ ಬಾಗಿದಳು.

"ಯಾಕ ನಿಂತಿ ತಮ್ಮಾ? ನನ್ನ ಹಿಂದ ಬಾ."

ನಾನು ಹೋದೆ, ಒಂದು ಸ್ವರ ತಡವಾಗಿ.